ಉಗ್ರಾಣದಿಂದ ಬಂದ ಉಕ್ಕು, ಮನೆಯಲ್ಲಿ ಕಡೆದ ಮರ

ಅಮೆರಿಕದ ಬಂದೂಕು ಹವ್ಯಾಸಿಗಳಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಕಾರ್ಖಾನೆಯಿಂದ ಬಂದ ರೈಫಲ್ಲಿನ ಮರದ ಮೈಯನ್ನು, ಅಂದರೆ ಅವರು ಸ್ಟಾಕ್ ಎನ್ನುವ ಭಾಗವನ್ನು, ಕಳಚಿ ಮನೆಯ ಗ್ಯಾರೇಜಿನಲ್ಲಿಟ್ಟು, ಉಳಿ, ಅರ, ಉಪ್ಪುಕಾಗದ ಹಿಡಿದು ತಮ್ಮ ಭುಜಕ್ಕೂ ಕೆನ್ನೆಗೂ ಒಪ್ಪುವಂತೆ ತಿದ್ದಿಕೊಳ್ಳುವ ಪದ್ಧತಿ ಅವರಲ್ಲಿ ಬಹಳ ಹಿಂದಿನಿಂದ ಇದೆ. ಕಾಡು ಕಡಿದು ನೆಲೆ ನಿಂತ ವಲಸಿಗರ ಕಾಲದಲ್ಲೇ ಅದು ಹುಟ್ಟಿತು, ಯಾರನ್ನೂ ನೆಚ್ಚದೆ ಬದುಕಿದ ಜನರ ಸ್ವಭಾವವೇ ಹಾಗೆ ಕೈಗಿಳಿದು ಬಂದಿದೆ ಎನ್ನುವುದು ಆ ನಂಬಿಕೆ. ಕೇಳಲು ಹಿತವಾದ ಕಥೆಯೇ. ಆದರೆ ದಾಖಲೆಗಳನ್ನು ಸಾಲಾಗಿಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ಅಗ್ಗದ ಖರ್ಚಿನಲ್ಲಿ ರೈಫಲ್ಲಿಗೆ ಹೊಸ ಮರ ಹಾಕಿಕೊಳ್ಳುವ ಹವ್ಯಾಸ ಸಾಮಾನ್ಯರ ಪಾಲಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದು ಹುಟ್ಟಿದ್ದು ಕಾಡಿನ ಅಂಚಿನ ಗುಡಿಸಿಲಲ್ಲಲ್ಲ, ಸೈನ್ಯದ ಉಗ್ರಾಣದಲ್ಲಿ. ದುಬಾರಿಯಾದ ಉಕ್ಕಿನ ಬೆಲೆಯನ್ನು ಸರ್ಕಾರ ಮೊದಲೇ ತೆತ್ತಿತ್ತು. ಸಿಪಾಯಿಗೆಂದು ಕಡೆದ, ನಾಗರಿಕನಿಗೆ ಒಗ್ಗದ ಮರವೊಂದೇ ತಿದ್ದುವುದಕ್ಕೆ ಉಳಿದಿತ್ತು. ಸಣ್ಣ ಸಂಬಳದವನ ಹಣವೂ ಬಿಡುವೂ ತಲುಪಬಹುದಾಗಿದ್ದ ಜಾಗ ಅದೊಂದೇ.

ಈ ವಾದ ಮುಂದುವರಿಯಬೇಕಾದರೆ ಮರದ ಮೈ ಏನು ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ನೋಡುವವರಿಗೆ ಅದು ಬರೀ ಹಿಡಿ. ಆದರೆ ಗುಂಡು ಹಾರಿದ ಕ್ಷಣದಲ್ಲಿ ಹಿಂದಕ್ಕೆ ಒದೆಯುವ ಬಲವನ್ನು ಮೊದಲು ತಾಳಿಕೊಳ್ಳುವುದು ಮರವೇ. ಉಕ್ಕಿನ ಆಕ್ಷನ್ನಿನ, ಅಂದರೆ ಗುಂಡು ತುಂಬಿ ಸಿಡಿಸುವ ಭಾಗದ, ಅಡಿಯಲ್ಲಿ ಗೂಟದಂತೆ ಇಳಿಬಿಟ್ಟಿರುವ ಒಂದು ಚಾಚು ಮರದ ತೋಡಿನೊಳಗೆ ಒತ್ತಿ ಕೂತಿರುತ್ತದೆ, ಒದೆತವೆಲ್ಲ ಅದರ ಮೂಲಕ ಮರಕ್ಕೆ ಇಳಿಯುತ್ತದೆ. ಪ್ರತಿ ಹೊಡೆತದ ನಂತರ ಆಕ್ಷನ್ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗಕ್ಕೆ ಮರಳಿ ಕೂತರೆ ಮುಂದಿನ ಗುಂಡು ಹಿಂದಿನದರ ಪಕ್ಕದಲ್ಲೇ ಬೀಳುತ್ತದೆ. ಕೂರದಿದ್ದರೆ ನಳಿಗೆ ಎಷ್ಟೇ ಒಳ್ಳೆಯದಿದ್ದರೂ ಗುರಿ ಚದುರುತ್ತದೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಎಳೆಯ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು. ಹಾಗೆ ಉಬ್ಬಿದ ಮರ ನಳಿಗೆಯನ್ನು ಒಂದು ಮಗ್ಗುಲಿಗೆ ಒತ್ತಿದರೆ ನಿನ್ನೆ ಸರಿಯಿದ್ದ ಗುರಿ ಇವತ್ತು ಇರುವುದಿಲ್ಲ. ಇದರ ಜೊತೆಗೆ ದೇಹದ ಲೆಕ್ಕವೂ ಇದೆ. ಭುಜದಿಂದ ಕುದುರೆಗೆ ಇರುವ ಅಳತೆ, ಕೆನ್ನೆ ಒರಗುವ ಏಣಿನ ಎತ್ತರ, ಹಿಂಬದಿಯ ಓರೆ, ಇವು ಕಣ್ಣನ್ನು ಗುರಿಸಾಲಿನ ನೇರಕ್ಕೆ ತಂದು ನಿಲ್ಲಿಸುತ್ತವೆ. ಆ ಅಳತೆ ಒಬ್ಬೊಬ್ಬರಿಗೆ ಒಂದೊಂದು ಥರ.

ವಲಸಿಗರ ಕಾಲದ ಕಥೆ ಮೊದಲ ಸಾಕ್ಷ್ಯದಲ್ಲೇ ಕುಸಿಯುತ್ತದೆ. ಹದಿನೆಂಟನೆಯ ಶತಮಾನದ ಉದ್ದ ನಳಿಗೆಯ ರೈಫಲ್ಲುಗಳನ್ನು ಮಾಡಿದವರು ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸುತ್ತಮುತ್ತಲಿನ ಕಸುಬುದಾರರು, ಹೆಚ್ಚಿನವರು ಜರ್ಮನ್ ಮೂಲದವರು. ಅಲ್ಲಿನ ಮೇಪಲ್ ಮರದಲ್ಲಿ ಒಂದೊಂದನ್ನೂ ಅವರು ಕೈಯಲ್ಲೇ ಕೆತ್ತುತ್ತಿದ್ದರು. ಬೇಟೆಗಾರ ಅದನ್ನು ಕೊಳ್ಳುತ್ತಿದ್ದ, ಮುರಿದರೆ ಮತ್ತೆ ಕಸುಬುದಾರನ ಬಳಿಗೇ ಒಯ್ಯುತ್ತಿದ್ದ. ಕಾಡಿನಲ್ಲಿ ಸೀಳಿದ ಹಿಡಿಗೆ ಹಸಿ ತೊಗಲು ಸುತ್ತಿ ಬಿಗಿದಿರಬಹುದು, ಅದು ದುರಸ್ತಿ. ತನಗೆ ಒಪ್ಪುವ ಆಕಾರ ಹುಡುಕಿ ಹೊಸ ಮರ ಕಡೆಯುವುದು ಬೇರೆಯೇ ಕೆಲಸ. ಆಮೇಲೆ ಬಂದದ್ದು ಯಂತ್ರ. ಮ್ಯಾಸಚೂಸೆಟ್ಸಿನ ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಒಂದು ಕಡಚಲು ಯಂತ್ರಕ್ಕೆ ಪೇಟೆಂಟ್ ಪಡೆದ. ಲೋಹದ ಮಾದರಿಯೊಂದರ ಮೇಲೆ ಚಕ್ರ ಉರುಳುತ್ತ ಹೋದಂತೆ, ಪಕ್ಕದ ಮರದ ತುಂಡನ್ನು ಅಲಗು ಅದೇ ಆಕಾರಕ್ಕೆ ಕೆತ್ತುತ್ತಿತ್ತು. ಗುಂಡಗಿನ ವಸ್ತುಗಳನ್ನು ಮಾತ್ರ ಕಡೆಯುತ್ತಿದ್ದ ಲೇತ್ ಬಂದೂಕಿನ ಹಿಡಿಯಂಥ ವಕ್ರವಾದ ವಸ್ತುವನ್ನೂ ಕಡೆಯಲು ಕಲಿತದ್ದು ಹೀಗೆ. ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರ ಈ ಯಂತ್ರಗಳನ್ನು ಅಳವಡಿಸಿಕೊಂಡಿತು. 1850ರ ದಶಕದಲ್ಲಿ ಬ್ರಿಟಿಷ್ ಸರ್ಕಾರವೂ ಮ್ಯಾಸಚೂಸೆಟ್ಸಿನ ಏಮ್ಸ್ ಕಂಪನಿಯಿಂದ ಇದೇ ಬಗೆಯ ಯಂತ್ರಗಳನ್ನು ತರಿಸಿ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಕೂರಿಸಿತು. ಅಲ್ಲಿಂದಾಚೆಗೆ ಮರದ ಮೈ ಎಲ್ಲರಿಗೂ ಒಂದೇ ಅಳತೆಯದಾಯಿತು. ಮನೆಯಲ್ಲಿ ತಿದ್ದಿಕೊಳ್ಳುವ ಅಗತ್ಯಕ್ಕೆ ಬೀಜ ಬಿದ್ದದ್ದು ಈ ಸಮರೂಪತೆಯಲ್ಲಿ. ಸೈನ್ಯಗಳಿಗೂ ಇದು ಗೊತ್ತಿತ್ತು. ಬ್ರಿಟಿಷರ ಲೀ-ಎನ್‌ಫೀಲ್ಡಿನ ಹಿಂಬದಿ ಮರ ಬ್ಯಾಂಟಮ್, ಗಿಡ್ಡ, ಸಾಮಾನ್ಯ, ಉದ್ದ ಎಂದು ನಾಲ್ಕು ಅಳತೆಗಳಲ್ಲಿ ಬರುತ್ತಿತ್ತು. ಆದರೆ ಎರಡು ತುಂಡಿನ ಮರವಿದ್ದ ರೈಫಲ್ಲಿಗೆ ಮಾತ್ರ ಅದು ಸಾಧ್ಯವಾಗಿತ್ತು. ಅಮೆರಿಕನ್ನರದೂ ಜರ್ಮನ್ನರದೂ ಒಂದೇ ತುಂಡಿನ ಮರ.

ಅಗತ್ಯ ಇದ್ದ ಮಾತ್ರಕ್ಕೆ ಪದ್ಧತಿ ಹುಟ್ಟುವುದಿಲ್ಲ, ಅದಕ್ಕೆ ಕೈಗೆಟಕುವ ವಸ್ತು ಬೇಕು. ಅದನ್ನು ಒದಗಿಸಿದ್ದು ಅಮೆರಿಕನ್ ಸರ್ಕಾರ. ಯುದ್ಧ ಬಂದಾಗ ಗುರಿಕಾರರು ಸಿದ್ಧರಿರಬೇಕು ಎಂಬ ಉದ್ದೇಶದಿಂದ 1903ರಲ್ಲಿ ನಾಗರಿಕರ ರೈಫಲ್ ಅಭ್ಯಾಸಕ್ಕೆ ಒಂದು ರಾಷ್ಟ್ರೀಯ ಮಂಡಳಿ ರಚನೆಯಾಯಿತು. 1905ರ ಕಾಯ್ದೆಯೊಂದು ಸೈನ್ಯಕ್ಕೆ ಬೇಡವಾದ ರೈಫಲ್ಲುಗಳನ್ನು ರೈಫಲ್ ಕ್ಲಬ್ಬುಗಳಿಗೆ ಮಾರಲು ದಾರಿ ತೆರೆಯಿತು. ಮೊದಲು ಹೊರಬಂದದ್ದು ಕ್ರ್ಯಾಗ್-ಯೋರ್ಗೆನ್ಸನ್. 1892ರಲ್ಲಿ ಸೈನ್ಯ ಒಪ್ಪಿಕೊಂಡು, 1903ರ ಸ್ಪ್ರಿಂಗ್‌ಫೀಲ್ಡ್ ಬಂದ ಮೇಲೆ ಮೂಲೆಗೆ ಸೇರಿದ ರೈಫಲ್ ಅದು. ಅದರ ಬೋಲ್ಟು ಬೆಣ್ಣೆಯಲ್ಲಿ ಚಾಕು ಆಡಿದಂತೆ ಸಾಗುತ್ತದೆಂದು ಇಂದಿಗೂ ಹೆಸರು. ಮೊದಲ ಮಹಾಯುದ್ಧದ ಬಳಿಕ ಅದು ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಸದಸ್ಯರಿಗೆ ಕೆಲವೇ ಡಾಲರುಗಳಿಗೆ ಸಿಗತೊಡಗಿತು. ಅದರ ಬೆನ್ನಿಗೆ 1917ರ ಎನ್‌ಫೀಲ್ಡ್ ಬಂತು. ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್ ಕಾರ್ಖಾನೆಗಳು ಯುದ್ಧಕ್ಕಾಗಿ ಅದನ್ನು 20 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿದ್ದವು. ಇವೆಲ್ಲದರ ಉಕ್ಕು ಗಟ್ಟಿ, ನಳಿಗೆ ನಂಬಿಕಸ್ತ. ಆದರೆ ಮರ? ಬಯೊನೆಟ್ ಹೊರಲು, ಸಾಲಾಗಿ ನಿಂತು ಕವಾಯತು ಮಾಡಲು, ಕಾದ ನಳಿಗೆಯಿಂದ ಸಿಪಾಯಿಯ ಕೈ ಕಾಯಲು ಮೂತಿಯವರೆಗೂ ಹೊದಿಸಿದ ಭಾರವಾದ ದಿಮ್ಮಿ. ಬೆಟ್ಟ ಹತ್ತಿ ಜಿಂಕೆಯ ಹಿಂದೆ ಹೋಗುವವನಿಗೆ ಅದರಿಂದ ಪ್ರಯೋಜನವಿಲ್ಲ. ಅರ್ಧ ಮರವನ್ನು ಗರಗಸದಲ್ಲಿ ಕತ್ತರಿಸಿ ಬಿಸಾಡಿದರೇ ಅರ್ಧ ಸುಧಾರಣೆ ಆದಂತೆ, ಖರ್ಚು ಏನೂ ಇಲ್ಲ. ಈ ಪದ್ಧತಿಯ ಮೊದಲ ಪಾಠ ಇದೇ. ಕೊಳ್ಳುವುದಕ್ಕಿಂತ ಮುಂಚೆ ಕಳೆಯುವುದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಸೈನಿಕ ರೈಫಲ್ಲನ್ನು ಬೇಟೆಯ ರೈಫಲ್ಲಾಗಿ ಮಾಡಿಸಿಕೊಂಡವರಲ್ಲಿ ಮೊದಲಿಗರು ಶ್ರೀಮಂತರು, ಬಡವರು ಅವರನ್ನು ಅನುಕರಿಸಿದರು ಅಷ್ಟೆ ಎಂದು. ಇದರಲ್ಲಿ ಸತ್ಯಾಂಶ ಇದೆ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1903ರ ಸ್ಪ್ರಿಂಗ್‌ಫೀಲ್ಡ್ ಹೊರಬಂದ ಹೊಸತರಲ್ಲೇ ತನಗಾಗಿ ಬೇಟೆಯ ಮರ ಹಾಕಿದ ಒಂದನ್ನು ಶಸ್ತ್ರಾಗಾರದಿಂದ ಮಾಡಿಸಿಕೊಂಡ. 1909ರಲ್ಲಿ ಆಫ್ರಿಕಕ್ಕೆ ಹೊರಟಾಗ ಅದೂ ಜೊತೆಗಿತ್ತು. (ಆ ಪ್ರಯಾಣದಲ್ಲಿ ಅವನ ಬಳಿಯಿದ್ದ ಇನ್ನೊಂದು ರೈಫಲ್ 405 ಕ್ಯಾಲಿಬರಿನ 1895ರ ವಿಂಚೆಸ್ಟರ್. ಅದೇ ಮಾದರಿ ಮುಂದೆ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿತ್ತು. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳ ಮೂಲಕ ಕನ್ನಡಿಗರಿಗೆ ಆ ಕೋವಿಯ ಪರಿಚಯ ಇದೆ.) 1910ರ ಹೊತ್ತಿಗೆ ಲಾಸ್ ಏಂಜಲೀಸಿನ ಲುಡ್ವಿಗ್ ವುಂಡ್‌ಹ್ಯಾಮರ್ ಎಂಬ ಕುಶಲಿ ಲೇಖಕ ಸ್ಟೂವರ್ಟ್ ಎಡ್ವರ್ಡ್ ವೈಟ್ ಮುಂತಾದವರಿಗೆ ಸ್ಪ್ರಿಂಗ್‌ಫೀಲ್ಡಿನ ಮೇಲೆ ಸುಂದರವಾದ ಮರ ಕೂರಿಸಿಕೊಟ್ಟಿದ್ದ. ಹಾಗಾದರೆ ಹಾದಿ ಮೇಲಿನಿಂದ ಕೆಳಗೆ ಇಳಿದದ್ದಲ್ಲವೇ? ಪೂರ್ತಿ ಅಲ್ಲ. ನ್ಯೂಯಾರ್ಕಿನಲ್ಲಿ ಪೀಠೋಪಕರಣ ಮಾಡುತ್ತಿದ್ದ ಸೇಮೂರ್ ಗ್ರಿಫಿನ್ ಎಂಬ ಬಡಗಿ ರೂಸ್‌ವೆಲ್ಟನ ಆಫ್ರಿಕ ಪ್ರವಾಸದ ಪುಸ್ತಕ ಓದಿ ಹುರುಪುಗೊಂಡ. ಒಂದು ಸ್ಪ್ರಿಂಗ್‌ಫೀಲ್ಡ್ ಕೊಂಡು ತಾನೇ ಅದಕ್ಕೆ ಅಕ್ರೋಟು ಮರದ ಹೊಸ ಮೈ ಕಡೆದ. ಅದನ್ನು ಕಂಡವರು ತಮಗೂ ಬೇಕೆಂದರು. 1923ರಲ್ಲಿ, ಕರ್ನಲ್ ಟೌನ್‌ಸೆಂಡ್ ವೀಲನ್ ಕೊಟ್ಟ ಸಲಹೆಯಂತೆ, ಫ್ರಾಂಕ್‌ಫರ್ಡ್ ಶಸ್ತ್ರಾಗಾರದಲ್ಲಿ ಯಂತ್ರಶಾಲೆಯ ಮೇಸ್ತ್ರಿಯಾಗಿದ್ದ ಜೇಮ್ಸ್ ಹೋ ಜೊತೆ ಸೇರಿ ಗ್ರಿಫಿನ್ ಅಂಡ್ ಹೋ ಸಂಸ್ಥೆ ಕಟ್ಟಿದ. ಅಮೆರಿಕದ ಅತಿ ದುಬಾರಿ ಬೇಟೆ ರೈಫಲ್ಲುಗಳ ಮನೆತನವೇ ಒಬ್ಬ ಬಡಗಿ ತನಗೋಸ್ಕರ ಮಾಡಿಕೊಂಡ ಕೆಲಸದಿಂದ ಆರಂಭವಾಯಿತು. ಆಸೆ ಮೇಲಿನಿಂದ ಇಳಿದಿರಬಹುದು. ಆದರೆ ಅಧ್ಯಕ್ಷನ ರೈಫಲ್ಲಿಗೂ ಬಡಗಿಯದಕ್ಕೂ ಉಕ್ಕು ಬಂದದ್ದು ಒಂದೇ ಸರ್ಕಾರಿ ಶಸ್ತ್ರಾಗಾರದಿಂದ. ಆ ಉಕ್ಕು ಇಬ್ಬರಿಗೂ ಎಟಕುತ್ತಿದ್ದುದರಿಂದಲೇ ಆಸೆ ಕೆಲಸವಾಯಿತು.

ಕೆಲಸದ ವಿದ್ಯೆ ಪುಸ್ತಕಗಳ ಮೂಲಕ ಹರಡಿತು. 1928ರಲ್ಲಿ ಕ್ಲೈಡ್ ಬೇಕರ್ ಬರೆದ ಬಂದೂಕು ಕಮ್ಮಾರಿಕೆಯ ಕೈಪಿಡಿ, 1934ರಲ್ಲಿ ಜೇಮ್ಸ್ ಹೋ ಬರೆದ ದೊಡ್ಡ ಗ್ರಂಥ, ವಿಸ್ಕಾನ್ಸಿನ್ನಿನ ಬ್ರಯಂಟ್ ಎಂಬ ಊರಿನಲ್ಲಿದ್ದ ಸ್ವೀಡನ್ ಮೂಲದ ಆಲ್ವಿನ್ ಲಿಂಡೆನ್ ಮರಗೆಲಸದ ಬಗ್ಗೆಯೇ ಬರೆದ ಕಿರುಹೊತ್ತಗೆಗಳು, ಇವು ಗುರುವಿಲ್ಲದವನಿಗೆ ಗುರುವಾದವು. ಅವು ಕಲಿಸಿದ ಕ್ರಮದಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಉಕ್ಕಿನ ಭಾಗಕ್ಕೆ ತೆಳ್ಳಗೆ ಕಾಡಿಗೆ ಬಳಿಯಬೇಕು, ಮರದ ತೋಡಿಗೆ ಇಳಿಸಿ ಒತ್ತಿ ಎತ್ತಬೇಕು, ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೆರೆಯಬೇಕು. ಮತ್ತೆ ಬಳಿ, ಮತ್ತೆ ಒತ್ತು, ಮತ್ತೆ ಕೆರೆ. ಉಕ್ಕಿನ ಅಡಿಭಾಗವೆಲ್ಲ ಮರಕ್ಕೆ ಸಮನಾಗಿ ತಾಗುವವರೆಗೆ ಇದು ನೂರಾರು ಸಲ ನಡೆಯುತ್ತದೆ. ಹಳೆಯ ಮರದಲ್ಲಿ ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದರು, ಆವಿ ಕುಡಿದ ನಾರು ಉಬ್ಬಿ ಮೇಲೇಳುತ್ತಿತ್ತು. ಉಪ್ಪುಕಾಗದ ಉಜ್ಜುವುದು, ನೀರು ಸವರಿ ಎದ್ದ ಎಳೆಗಳನ್ನು ಒಣಗಿಸಿ ಮತ್ತೆ ಉಜ್ಜುವುದು, ಕೊನೆಗೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ವಾರಗಟ್ಟಲೆ ಮರಕ್ಕೆ ಕುಡಿಸುವುದು. ಹಣದ ಬದಲು ಹೊತ್ತನ್ನು ಕೊಡುವ ವ್ಯವಹಾರ ಇದು. ಉಳಿ ಹಿಡಿಯಲು ಧೈರ್ಯ ಸಾಲದವರಿಗೆ ಮಿಸೌರಿಯ ವಾರ್ಸಾ ಊರು ಉತ್ತರ ಕೊಟ್ಟಿತು. ಕಪ್ಪು ಅಕ್ರೋಟು ಮರ ಹೇರಳವಾಗಿದ್ದ ಆ ಸೀಮೆಯಲ್ಲಿ ಬಿಷಪ್ ಮತ್ತು ಫೇಯನ್ ಎಂಬ ಎರಡು ಸಂಸ್ಥೆಗಳು ಬ್ಲಾಂಚರ್ಡನ ವಂಶದ ಯಂತ್ರಗಳಲ್ಲಿ ಒಳತೋಡು ಬಹುಪಾಲು ಮುಗಿಸಿದ ಮರದ ಮೈಗಳನ್ನು ಕಡೆದು ಅಂಚೆಯಲ್ಲಿ ಕಳಿಸುತ್ತಿದ್ದವು. ಕೊನೆಯ ಕೆರೆತ ಮಾತ್ರ ಕೊಂಡವನ ಪಾಲು. ಎಲ್ಲರಿಗೂ ಒಂದೇ ಆಕಾರ ತಂದ ಯಂತ್ರವೇ ಈಗ ಪ್ರತಿಯೊಬ್ಬರ ಆಕಾರಕ್ಕೂ ಕಚ್ಚಾ ಸರಕು ಒದಗಿಸುತ್ತಿತ್ತು.

ಮರವನ್ನು ಬದಲಿಸಲು ಒತ್ತಾಯಿಸಿದ ಇನ್ನೊಂದು ಕಾರಣವನ್ನು ಇತಿಹಾಸ ಬರೆದವರು ಬೇಗ ದಾಟಿಬಿಡುತ್ತಾರೆ. ಅದು ದೂರದರ್ಶಕ. ಸೈನ್ಯದ ಮರವನ್ನು ನಳಿಗೆಯ ಮೇಲಿನ ತಗ್ಗಾದ ಕಬ್ಬಿಣದ ಗುರಿಗೆ ಕಣ್ಣು ಹೊಂದುವಂತೆ ಇಳಿಜಾರಾಗಿ ಕಡೆದಿದ್ದರು. 1930ರಲ್ಲಿ ಬಿಲ್ ವೀವರ್ ಎಂಬ ಯುವಕ 330 ಎಂಬ ದೂರದರ್ಶಕವನ್ನು 19 ಡಾಲರಿಗೆ ಮಾರಾಟಕ್ಕೆ ತಂದ. ಯುರೋಪಿನಿಂದ ಬರುತ್ತಿದ್ದ ದೂರದರ್ಶಕಗಳು ಸಾಮಾನ್ಯನ ಕನಸಿಗೂ ನಿಲುಕದ ಬೆಲೆಯವು. ವೀವರನ ಕೊಳವೆ ನಳಿಗೆಗಿಂತ ಎತ್ತರದಲ್ಲಿ ಕೂತಾಗ ಹಳೆಯ ಮರಕ್ಕೆ ಒರಗಿದ ಕೆನ್ನೆಯಿಂದ ಅದು ಕಾಣುತ್ತಲೇ ಇರಲಿಲ್ಲ. ಗಲ್ಲ ಎತ್ತಿ, ಕತ್ತು ಚಾಚಿ ನೋಡಬೇಕಿತ್ತು. ಕೆನ್ನೆಯ ಏಣನ್ನು ಎತ್ತರಿಸದೆ ದಾರಿಯೇ ಇಲ್ಲ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ರಾಯ್ ವೆದರ್‌ಬಿ ಪ್ರಸಿದ್ಧಿಗೆ ತಂದ, ಮುಂದಕ್ಕೆ ಇಳಿಜಾರಾದ ಎತ್ತರದ ಕೆನ್ನೆಯೇಣು, ಕನ್ನಡಿಯಂಥ ಮೆರುಗು, ಬಣ್ಣದ ಮರದ ಹರಳು ಕೂರಿಸಿದ ಶೈಲಿಯನ್ನು ಅನೇಕರು ಆಡಂಬರವೆಂದು ತಳ್ಳಿಹಾಕಿದರು. ಔಟ್‌ಡೋರ್ ಲೈಫ್ ಪತ್ರಿಕೆಯ ಬಂದೂಕು ಸಂಪಾದಕ ಜಾಕ್ ಓಕಾನರ್ ಸರಳ, ನೇರ ಗೆರೆಯ ಮರದ ಪರ ವಕಾಲತ್ತು ಮಾಡುತ್ತಲೇ ಇದ್ದ. ಹರಳುಗಳ ವಿಷಯದಲ್ಲಿ ನನ್ನ ಒಲವೂ ಓಕಾನರನ ಕಡೆಗೇ. ಆದರೂ ಎತ್ತರದ ಕೆನ್ನೆಯೇಣನ್ನು ಬರಿಯ ಶೋಕಿ ಎನ್ನಲಾಗದು, 19 ಡಾಲರಿನ ಕೊಳವೆಯಿಂದ ಶುರುವಾದ ಅಗತ್ಯವೇ ಅದರಲ್ಲೂ ಮುಂದುವರಿದಿತ್ತು.

ಎರಡನೆಯ ಮಹಾಯುದ್ಧದ ನಂತರ ಉಗ್ರಾಣದ ಬಾಗಿಲು ಪೂರ್ತಿ ತೆರೆಯಿತು. ಯುರೋಪಿನಿಂದ ಮರಳಿದ ಸಿಪಾಯಿಗಳು ಮೌಸರ್ 98 ರೈಫಲ್ಲುಗಳನ್ನು ಗೆಲುವಿನ ನೆನಪಾಗಿ ಹೊತ್ತು ತಂದರು. ವರ್ಜೀನಿಯದ ಅಲೆಕ್ಸಾಂಡ್ರಿಯದಲ್ಲಿ ನೆಲೆಸಿದ ಸ್ಯಾಮುಯೆಲ್ ಕಮಿಂಗ್ಸನ ಇಂಟರಾರ್ಮ್ಸ್‌ನಂಥ ಸಂಸ್ಥೆಗಳು ಜಗತ್ತಿನ ಸೈನ್ಯಗಳು ಕೈಬಿಟ್ಟ ಮೌಸರ್, ಲೀ-ಎನ್‌ಫೀಲ್ಡ್, ಕಾರ್ಕಾನೊಗಳನ್ನು ಹಡಗುಗಟ್ಟಲೆ ತರಿಸಿದವು. ಪತ್ರಿಕೆಯ ಜಾಹೀರಾತು ನೋಡಿ ಕೂಪನ್ ತುಂಬಿ ಕಳಿಸಿದರೆ ಅಂಚೆಯಲ್ಲಿ ರೈಫಲ್ ಬರುತ್ತಿತ್ತು. ಮಿನೆಸೋಟದ ಹರ್ಟರ್ಸ್‌ನಿಂದ ಮರ, ಅಯೊವದ ಮಾಂಟೆಜುಮದಲ್ಲಿ 1939ರಲ್ಲಿ ಆರಂಭವಾದ ಬ್ರೌನೆಲ್ಸ್‌ನಿಂದ ಉಪಕರಣ, ವೀವರನಿಂದ ದೂರದರ್ಶಕ. ಕಾರ್ಖಾನೆಯ ಹೊಸ ವಿಂಚೆಸ್ಟರ್ ಮಾಡೆಲ್ 70ರ ಬೆಲೆಯ ಒಂದು ಭಾಗದಲ್ಲಿ ಇದೆಲ್ಲ ಕೂಡಿ ಬರುತ್ತಿತ್ತು. ಬ್ರಿಟನ್ನಿನಲ್ಲಿ ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಇದೇ ಕೆಲಸವನ್ನು ಕಾರ್ಖಾನೆಯ ಮಟ್ಟದಲ್ಲಿ ಮಾಡಿ ತಿದ್ದಿದ ಲೀ-ಎನ್‌ಫೀಲ್ಡುಗಳನ್ನು ಮಾರಿತು. ಕೆನಡದಲ್ಲಿ ಮುಂಗಟ್ಟು, ಅಂದರೆ ನಳಿಗೆಯಡಿಯ ಮುಂಭಾಗದ ಮರ, ಕತ್ತರಿಸಿದ ಲೀ-ಎನ್‌ಫೀಲ್ಡ್ ಹಳ್ಳಿಗಾಡಿನ ಮನೆಗಳ ಸಾಮಾನ್ಯ ಬೇಟೆ ಕೋವಿಯೇ ಆಗಿಹೋಯಿತು. ದೇಶ ಬೇರೆಯಾದರೂ ಹೆಚ್ಚುವರಿ ಉಕ್ಕು ಹರಿದ ಕಡೆ ಪದ್ಧತಿ ಮೊಳೆತಿದೆ ಎಂಬುದನ್ನು ಗಮನಿಸಬೇಕು. ಯುರೋಪಿನ ಯುದ್ಧ ಮುಗಿದ ಮೇಲೆ ಬಂದ ಬೆಳೆಯನ್ನು ಅಮೆರಿಕದ ಗಡಿನಾಡಿನ ಗುಣವೆಂದು ವಿವರಿಸಲಾಗದು.

ಮರವನ್ನು ಚಂದ ಮಾಡುವುದರಿಂದ ಮರವನ್ನು ಕೆಲಸಕ್ಕೆ ಹಚ್ಚುವುದರತ್ತ ಈ ಪದ್ಧತಿ ಹೊರಳಿದ್ದು ಈ ಕಾಲದಲ್ಲೇ. ಯುದ್ಧಾನಂತರ ಕೈಗೆ ಬಂದ ಎಪಾಕ್ಸಿ ಅಂಟು ಮತ್ತು ಗಾಜಿನ ನಾರು ಇದಕ್ಕೆ ದಾರಿಮಾಡಿತು. ಮರದ ತೋಡನ್ನು ಸ್ವಲ್ಪ ಅಗಲಿಸಿ, ಒಳಗೆ ಅಂಟು ಸುರಿದು, ಉಕ್ಕನ್ನು ಅದರ ಮೇಲೆ ಕೂರಿಸಿ ಗಟ್ಟಿಯಾಗಲು ಬಿಟ್ಟರೆ ಉಕ್ಕಿನ ಪಡಿಯಚ್ಚೇ ಮೂಡುತ್ತದೆ. ಲಿಂಡೆನ್ ವಾರಗಟ್ಟಲೆ ಕಾಡಿಗೆ ಹಚ್ಚಿ ಪಡೆಯುತ್ತಿದ್ದ ಹೊಂದಿಕೆಯನ್ನು ಸಾಧಾರಣ ಕೈಯವನೂ ಒಂದು ರಾತ್ರಿಯಲ್ಲಿ ಪಡೆಯಬಹುದಾಯಿತು. ಬ್ರೌನೆಲ್ಸ್ ಮಾರಿದ ಅಕ್ರಾಗ್ಲಾಸ್ ಹೆಸರು ಈ ಕೆಲಸಕ್ಕೇ ಅಂಟಿಕೊಂಡಿತು. ಉಕ್ಕಿಗೆ ಮೇಣದಂಥ ಬಿಡಿಸುವ ಲೇಪ ಸವರುವುದನ್ನು ಮರೆತರೆ ಮಾತ್ರ ಮರ ಮತ್ತು ಉಕ್ಕು ಶಾಶ್ವತವಾಗಿ ಒಂದಾಗಿಬಿಡುತ್ತಿದ್ದವು. ಇದರ ಜೊತೆಗೇ ನಳಿಗೆಯನ್ನು ಮರಕ್ಕೆ ತಾಗದಂತೆ ತೇಲಿಬಿಡುವ ಉಪಾಯ. ಕೋಲಿಗೆ ಉಪ್ಪುಕಾಗದ ಸುತ್ತಿ ಕಾಲುವೆಯನ್ನು ಉಜ್ಜುತ್ತ ಹೋಗುವುದು, ನಳಿಗೆಗೂ ಮರಕ್ಕೂ ನಡುವೆ ಒಂದು ಡಾಲರಿನ ನೋಟು ತಡೆಯಿಲ್ಲದೆ ಓಡಾಡಿದರೆ ಕೆಲಸ ಮುಗಿಯಿತೆಂದು ತಿಳಿಯುವುದು. ಖರ್ಚು ಲೆಕ್ಕಕ್ಕೇ ಬಾರದಷ್ಟು, ಫಲ ಹಲವು ಸಲ ಹೊಸ ನಳಿಗೆ ಹಾಕಿಸಿದಷ್ಟು.

ಈ ಜ್ಞಾನವನ್ನು ಹವ್ಯಾಸಿಗಳು ಕಂಡುಹಿಡಿಯಲಿಲ್ಲ, ಶಸ್ತ್ರಾಗಾರಗಳಿಗೆ ಅದು ಮೊದಲೇ ಗೊತ್ತಿತ್ತು ಎಂಬ ಆಕ್ಷೇಪ ಬಂದರೆ ಅದನ್ನು ಒಪ್ಪಲೇಬೇಕು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆ ಅಕ್ರೋಟಿನ ಬದಲು ತನ್ನ ನಾಡಿನ ಮೆತ್ತನೆಯ ಮರ ಬಳಸಬೇಕಾಗಿ ಬಂದಾಗ ಒದೆತ ಬೀಳುವ ಜಾಗದಲ್ಲಿ ತಾಮ್ರದ ಪಟ್ಟಿ ಕೂರಿಸಿತ್ತು. ಬಂಗಾಳದ ಇಶಾಪುರ ಕಾರ್ಖಾನೆ ಮುಂಗಟ್ಟು ಸೀಳದಂತೆ ಅಡ್ಡಲಾಗಿ ಒಂದು ತಿರುಪು ಹಾಕುತ್ತಿತ್ತು, ಆ ತಿರುಪಿಗೆ ಸಂಗ್ರಾಹಕರು ಇಂದೂ ಇಶಾಪುರದ ಹೆಸರಿಟ್ಟೇ ಕರೆಯುತ್ತಾರೆ. ಜರ್ಮನ್ನರು 1930ರ ದಶಕದ ಕೊನೆಯಿಂದ ಬೀಚ್ ಮರದ ತೆಳು ಹಾಳೆಗಳನ್ನು ಅಂಟಿಸಿದ ಪದರಮರವನ್ನು ಮೌಸರಿಗೆ ಬಳಸಿದರು, ಅದು ಬಾಗುವುದು ಕಡಿಮೆ. ಹಾಗಾಗಿ ಶೋಧದ ಹಿರಿಮೆಯನ್ನು ಗ್ಯಾರೇಜಿಗೆ ಕೊಡಲು ನಾನು ತಯಾರಿಲ್ಲ. ಆದರೆ ಶಸ್ತ್ರಾಗಾರ ಈ ಜ್ಞಾನವನ್ನು ಎರಡು ಕಡೆ ಮಾತ್ರ ಬಳಸುತ್ತಿತ್ತು. ಮರ ಒಡೆಯದಂತೆ ತಡೆಯಲು, ಇಲ್ಲವೇ ಸ್ಪರ್ಧೆಗೆ ಹೋಗುವ ತನ್ನ ತಂಡದ ಕೆಲವೇ ರೈಫಲ್ಲುಗಳನ್ನು ಹದಗೊಳಿಸಲು. ಮಾರಾಟದ ಪ್ರತಿ ರೈಫಲ್ಲೂ ಹೀಗಿರಬೇಕು ಎಂದು ಯಾವ ಕಾರ್ಖಾನೆಗೂ ಅನ್ನಿಸಿರಲಿಲ್ಲ. ಹಾಗೆ ಅನ್ನಿಸುವಂತೆ ಮಾಡಿದ್ದು ಮನೆಯ ಮೇಜು. ಸಾವಿರಾರು ಜನ ತಮ್ಮ ರೈಫಲ್ ಬಿಚ್ಚಿ, ತಿದ್ದಿ, ಕಾಗದದ ಗುರಿಯ ಮೇಲೆ ಮುಂಚಿನ ತೂತು, ನಂತರದ ತೂತು ಹೋಲಿಸಿ ನೋಡಿದರು. 1951ರಲ್ಲಿ ಬೆಂಚ್‌ರೆಸ್ಟ್ ಗುರಿಕಾರರ, ಅಂದರೆ ರೈಫಲ್ಲನ್ನು ಮೇಜಿನ ಮೇಲೆ ಊರಿ ಗುಂಡು ಹೊಡೆಯುವವರ, ರಾಷ್ಟ್ರೀಯ ಸಂಘ ಹುಟ್ಟಿದ ಮೇಲೆ ಈ ಹೋಲಿಕೆಗೆ ಅಳತೆ, ನಿಯಮ, ದಾಖಲೆ ಬಂದವು.

ಕಾರ್ಖಾನೆ ಇದನ್ನು ಕೇಳಿಸಿಕೊಂಡ ರೀತಿ ನೇರವಾಗಿರಲಿಲ್ಲ. 1964ರಲ್ಲಿ ವಿಂಚೆಸ್ಟರ್ ತನ್ನ ಮಾಡೆಲ್ 70ನ್ನು ಖರ್ಚು ತಗ್ಗಿಸಲೆಂದು ಬದಲಿಸಿದಾಗ ನಳಿಗೆಯನ್ನು ತೇಲಿಬಿಟ್ಟಿತು. ಮುಂಗಟ್ಟಿನ ಕಾಲುವೆ ಎಷ್ಟು ಅಗಲವಾಗಿತ್ತೆಂದರೆ ಅಂತರ ದೂರದಿಂದಲೇ ಕಾಣುತ್ತಿತ್ತು. ಕೈಯಿಂದ ಕೊರೆಯುತ್ತಿದ್ದ ಜಾಲರಿ ಗೆರೆಗಳ ಬದಲು ಅಚ್ಚೊತ್ತಿದ ಗೆರೆಗಳು ಬಂದವು. ಜನ ಅದನ್ನು ತಿರಸ್ಕರಿಸಿದರು, 1964ಕ್ಕೆ ಮುಂಚಿನದು ಎಂಬುದೇ ಇಂದಿಗೂ ಆ ರೈಫಲ್ಲಿಗೆ ಪ್ರಶಸ್ತಿಪತ್ರ. ಹವ್ಯಾಸಿಗಳು ಬಯಸಿದ್ದನ್ನೇ ಕಾರ್ಖಾನೆ ಕೊಟ್ಟರೂ ಅವರು ಏಕೆ ಒಲ್ಲೆನೆಂದರು? ತೇಲುವ ನಳಿಗೆಯನ್ನು ಅವರು ನಿಖರತೆಯ ಸಾಧನವಾಗಿ ಮಾಡಿದ್ದರು, ಕಾರ್ಖಾನೆ ಅದನ್ನು ಮರಗೆಲಸ ಉಳಿಸುವ ನೆಪವಾಗಿ ಮಾಡಿತು ಎಂಬುದು ಅವರ ಕೈಗೆ ಗೊತ್ತಾಗಿತ್ತು. ಮರ ನೋಡಿ ಕೆಲಸಗಾರನ ಶ್ರದ್ಧೆ ಅಳೆಯುವ ಗ್ರಾಹಕರನ್ನು ಈ ಪದ್ಧತಿ ತಯಾರಿಸಿತ್ತು. 1968ರಲ್ಲಿ ಬಂದೂಕು ತಯಾರಕ ಬಿಲ್ ರೂಗರ್ ಮಾಡೆಲ್ 77 ತಂದಾಗ ಅದರ ಮರದ ವಿನ್ಯಾಸವನ್ನು ಲೆನ್ ಬ್ರೌನೆಲ್ ಎಂಬ ಹೆಸರಾಂತ ಕೈಗೆಲಸಗಾರನಿಂದ ಮಾಡಿಸಿದ. ಅಯೊವದ ಅಂಗಡಿಗೂ ಇವನಿಗೂ ಸಂಬಂಧವಿಲ್ಲ. ಕಾರ್ಖಾನೆಯ ರೈಫಲ್ಲೊಂದು ಕೈಗೆಲಸದ ಗೆರೆಗಳನ್ನೇ ಮೈತಳೆದು ಬಂದದ್ದು ಮಾರುಕಟ್ಟೆಯಲ್ಲಿ ಗೆದ್ದಿತು.

ಸಂಗ್ರಾಹಕರ ಆಕ್ಷೇಪ ಬೇರೆ ಬಗೆಯದು, ಅದರಲ್ಲಿ ನೋವಿದೆ. ಸೈನಿಕ ಇತಿಹಾಸದ ಸಾಕ್ಷಿಗಳಾಗಿದ್ದ ಲಕ್ಷಾಂತರ ರೈಫಲ್ಲುಗಳನ್ನು ಈ ಹವ್ಯಾಸ ಗರಗಸಕ್ಕೆ ಕೊಟ್ಟಿತು, ಮೂಲ ಸ್ಥಿತಿಯ ಒಂದು ಕ್ರ್ಯಾಗ್ ಅಥವಾ ಸ್ಪ್ರಿಂಗ್‌ಫೀಲ್ಡ್ ಇಂದು ತಿದ್ದಿದ್ದಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುತ್ತದೆ ಎನ್ನುತ್ತಾರೆ ಅವರು. ಬೆಲೆಯ ಮಾತು ನಿಜ. ಆದರೆ ಅಂದು ಅವು ರಾಶಿ ಬಿದ್ದಿದ್ದವು, ಯಾರೂ ಕೊಳ್ಳದಿದ್ದರೆ ಬಹಳಷ್ಟರ ಪಾಲಿಗೆ ಕುಲುಮೆಯೇ ಗತಿಯಾಗುತ್ತಿತ್ತು. ತಿದ್ದಿದ ರೈಫಲ್ ಕೂಡ ಒಂದು ದಾಖಲೆ. 1950ರ ದಶಕದ ಕಾರ್ಮಿಕನೊಬ್ಬನ ತೋಳಿನ ಅಳತೆ, ಬಿಡುವಿನ ಸಂಜೆಗಳು, ಅವನ ಸೌಂದರ್ಯದ ಕಲ್ಪನೆ ಆ ಮರದಲ್ಲಿವೆ, ಮ್ಯೂಸಿಯಮ್ಮಿನ ಗಾಜಿನ ಹಿಂದಿನ ರೈಫಲ್ಲಿನಲ್ಲಿ ಅವು ಸಿಗುವುದಿಲ್ಲ. ಹಾಗೆಂದು ಎಲ್ಲ ಕೆಲಸವನ್ನೂ ಸಮರ್ಥಿಸಲಾಗದು. ಹೊಸ ಮರ ಹಾಕಿ ಹಳೆಯ ಮರವನ್ನು ಅಟ್ಟದಲ್ಲಿ ಜೋಪಾನವಾಗಿಟ್ಟವನು ಏನನ್ನೂ ಕಳೆಯಲಿಲ್ಲ. ಮೂಲ ಮರವನ್ನೇ ಕತ್ತರಿಸಿ, ನಳಿಗೆ ತುಂಡರಿಸಿ, ಉಕ್ಕಿನಲ್ಲಿ ಅಡ್ಡಾದಿಡ್ಡಿ ತೂತು ಕೊರೆದವನು ಮುಂದಿನವರಿಗೆ ದಾರಿ ಮುಚ್ಚಿದ. ಮರಳಿಸಬಹುದಾದ ಕೆಲಸ, ಮರಳಿಸಲಾಗದ ಕೆಲಸ ಎಂಬ ಈ ಗೆರೆಯನ್ನು ಅಂದಿನ ಕೈಪಿಡಿಗಳು ಎಳೆಯಲಿಲ್ಲ. ಅದು ಅವುಗಳ ಲೋಪ ಎಂದೇ ನನ್ನ ಅಭಿಪ್ರಾಯ.

ಅಂಚೆಯಲ್ಲಿ ರೈಫಲ್ ಬರುತ್ತಿದ್ದ ವ್ಯವಸ್ಥೆಗೆ ಕರಾಳ ಮುಖವೂ ಇತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ಇಟಲಿಯ ಕಾರ್ಕಾನೊ ಹೀಗೆಯೇ ಚಿಕಾಗೋದ ಅಂಗಡಿಯೊಂದರಿಂದ ಸುಳ್ಳು ಹೆಸರಿಗೆ ದೂರದರ್ಶಕ ಸಮೇತ 19.95 ಡಾಲರಿಗೆ ಬಂದಿತ್ತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳ ನಂತರ, ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಕಾಯ್ದೆ ಸಾಮಾನ್ಯ ಗ್ರಾಹಕರಿಗೆ ಅಂಚೆಯಲ್ಲಿ ಬಂದೂಕು ಕಳಿಸುವುದನ್ನೂ ವಿದೇಶಿ ಸೈನ್ಯಗಳ ಹೆಚ್ಚುವರಿ ರೈಫಲ್ಲುಗಳ ಆಮದನ್ನೂ ನಿಲ್ಲಿಸಿತು. ಅಷ್ಟು ಸುಲಭವಾಗಿ ಯಾರ ಕೈಗೂ ರೈಫಲ್ ಸಿಗಬಾರದಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ವಾದಕ್ಕೆ ಮುಖ್ಯವಾದ ಸಂಗತಿ, ಉಗ್ರಾಣದ ಹೊಳೆ ಬತ್ತಿದೊಡನೆ ಸೈನಿಕ ರೈಫಲ್ಲನ್ನು ತಿದ್ದುವ ಹವ್ಯಾಸವೂ ಇಳಿಮುಖವಾಯಿತು. ಸ್ವಭಾವದಿಂದ ಬಂದದ್ದಾಗಿದ್ದರೆ ಸರಕು ನಿಂತಾಗ ಅದು ಬತ್ತಬೇಕಿರಲಿಲ್ಲ.

ಭಾರತದ ಅನುಭವ ಇದಕ್ಕೆ ತಿರುಗುಮುರುಗಾದ ಸಾಕ್ಷ್ಯ. ನಮ್ಮಲ್ಲಿ ಅಕ್ರೋಟಿಗಿಂತ ಚೆಲುವಾದ ಬೀಟೆ ಇತ್ತು, ಅದನ್ನು ಮೇಣದಂತೆ ಕೆತ್ತುವ ಬಡಗಿಗಳಿದ್ದರು, 1972ರ ವನ್ಯಜೀವಿ ಕಾಯ್ದೆಯವರೆಗೆ ಬೇಟೆಯೂ ಇತ್ತು. ಆದರೂ ರೈಫಲ್ಲಿಗೆ ಮನೆಯಲ್ಲಿ ಹೊಸ ಮರ ಹಾಕುವುದು ಇಲ್ಲಿ ಜನರ ಹವ್ಯಾಸವಾಗಲಿಲ್ಲ. 1878ರ ಶಸ್ತ್ರ ಕಾಯ್ದೆಯ ಕಾಲದಿಂದ ಬಂದೂಕು ಪರವಾನಗಿಯ ವಸ್ತು, ಸೈನ್ಯದ 303 ಕ್ಯಾಲಿಬರ್ ನಾಗರಿಕರಿಗೆ ದೂರ. ಇಶಾಪುರದ ಕಾರ್ಖಾನೆ ಲೀ-ಎನ್‌ಫೀಲ್ಡಿನ ಆಕ್ಷನ್ನಿಗೇ 315 ಕ್ಯಾಲಿಬರಿನ ನಳಿಗೆ ಹಾಕಿ, ಬೇಟೆಯ ಮರ ತೊಡಿಸಿ ನಾಗರಿಕರಿಗೆಂದು ಮಾರಿತು. ಅಮೆರಿಕದಲ್ಲಿ ಗ್ಯಾರೇಜು ಮಾಡಿದ ಕೆಲಸವನ್ನು ಇಲ್ಲಿ ಸರ್ಕಾರವೇ ಮುಗಿಸಿ ಪೂರ್ತಿ ಬೆಲೆ ಪಡೆಯಿತು. ಕೊಡಗಿನ ಉದಾಹರಣೆ ಇನ್ನೂ ಹರಿತವಾದದ್ದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತವೆ. ಕೋವಿಯ ಮೇಲಿನ ಪ್ರೀತಿಗೆ ಅಲ್ಲಿ ಕೊರತೆಯಿಲ್ಲ, ಕಾನೂನಿನ ಅಡ್ಡಿಯೂ ಕಡಿಮೆ. ಇಲ್ಲದ್ದು ಒಂದೇ, ಕಡಿಮೆ ಬೆಲೆಗೆ ಹರಿದುಬರುವ ಸೈನ್ಯದ ಉಕ್ಕು. ಮನೆತನದ ಕೋವಿ ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಆಸ್ತಿ. ಕೆಲವು ಡಾಲರಿಗೆ ಕೊಂಡ ಅಪರಿಚಿತ ಸಿಪಾಯಿಯ ರೈಫಲ್ಲಿಗೆ ಗರಗಸ ಇಡುವಂತೆ ಅದಕ್ಕೆ ಇಡಲು ಕೈ ಬರುವುದಿಲ್ಲ.

ಅಮೆರಿಕದಲ್ಲಿ ಪದ್ಧತಿ ಇಳಿಮುಖವಾದರೂ ಸಾಯಲಿಲ್ಲ, ಅದು ಹೊಸ ಆಸರೆ ಹುಡುಕಿಕೊಂಡ ಬಗೆ ಮೂಲ ತರ್ಕವನ್ನೇ ತೋರಿಸುತ್ತದೆ. ವಿಯೆಟ್ನಾಮಿನ ತೇವದಲ್ಲಿ ಅಮೆರಿಕನ್ ಮರೀನ್ ಗುರಿಕಾರರ ರೆಮಿಂಗ್ಟನ್ 700 ರೈಫಲ್ಲುಗಳ ಮರ ಬಾಗಿತು. 1970ರ ದಶಕದಲ್ಲಿ ಅವರು ಗೇಲ್ ಮ್ಯಾಕ್‌ಮಿಲನ್ ತಯಾರಿಸಿದ ಗಾಜಿನ ನಾರಿನ ಮೈಗೆ ಬದಲಾದರು. ಅಲ್ಲಿಂದ ಕೃತಕ ವಸ್ತು ಬೇಟೆಗಾರರಿಗೆ ಬಂತು, ನಂತರ ಅದರ ಅಗ್ಗದ ರೂಪ, ಅಚ್ಚಿಗೆ ಸುರಿದ ಟೊಳ್ಳು ಪ್ಲಾಸ್ಟಿಕ್, ಕಾರ್ಖಾನೆಗಳಿಗೆ ಪ್ರಿಯವಾಯಿತು. ಕಂಪ್ಯೂಟರ್ ಯಂತ್ರಗಳು ನಳಿಗೆ ಮತ್ತು ಆಕ್ಷನ್ನನ್ನು ಹಿಂದೆಂದೂ ಇಲ್ಲದ ನಿಖರತೆಯಿಂದ ಅಗ್ಗವಾಗಿ ಮಾಡುತ್ತವೆ. ಬೆಲೆ ಇಳಿಸಲು ಕಾರ್ಖಾನೆ ಉಳಿತಾಯ ಮಾಡುವುದು ಮೈಯಲ್ಲಿ. ಸ್ಯಾವೇಜ್ ಆಕ್ಸಿಸ್‌ನಂಥ ರೈಫಲ್ಲುಗಳಲ್ಲಿ ನಳಿಗೆ ಹೆಸರಿಗೆ ತಕ್ಕದ್ದು, ಆದರೆ ಮುಂಗಟ್ಟನ್ನು ಬೆರಳಲ್ಲಿ ಹಿಂಡಿದರೆ ಅದು ಬಾಗಿ ನಳಿಗೆಗೆ ತಾಗುತ್ತದೆ. 1920ರ ದಶಕದಲ್ಲಿ ಉಕ್ಕಿನ ಬೆಲೆ ತೆತ್ತದ್ದು ಸೈನ್ಯ, ಈಗ ಅದನ್ನು ಅಗ್ಗ ಮಾಡಿದ್ದು ಯಂತ್ರ. ಎರಡು ಕಾಲದಲ್ಲೂ ಕೊಂಡವನಿಗೆ ಸಿಗುವುದು ಒಳ್ಳೆಯ ಉಕ್ಕು, ಕಳಪೆ ಮೈ. ಹಾಗಾಗಿ ಇಂದೂ ಮನೆಗಳಲ್ಲಿ ಟೊಳ್ಳು ಮುಂಗಟ್ಟಿನೊಳಗೆ ಲೋಹದ ಸರಳಿಟ್ಟು ಎಪಾಕ್ಸಿ ತುಂಬುವವರಿದ್ದಾರೆ, ತಿರುಪು ಬಿಗಿದಾಗ ಮೈ ಕುಗ್ಗದಂತೆ ಅಲ್ಯೂಮಿನಿಯಂ ಕೊಳವೆಗಳನ್ನು ಕಂಬಗಳಂತೆ ನಿಲ್ಲಿಸುವವರಿದ್ದಾರೆ, ಭುಜದ ಅಳತೆಗೆ ಹಿಂಬದಿಯಲ್ಲಿ ಬಿಲ್ಲೆಗಳನ್ನು ಸೇರಿಸುವವರಿದ್ದಾರೆ. ದಕ್ಷಿಣ ಡಕೋಟದ ಮಿಚೆಲ್ ಊರಿನ ಬಾಯ್ಡ್ಸ್ ಸಂಸ್ಥೆ ಪದರಮರದ ಮೈಗಳನ್ನು ಗ್ರಾಹಕ ಹೇಳಿದ ಅಳತೆಗೆ ಕಡೆದು ಕಳಿಸುತ್ತದೆ. ರೂಗರ್ ಕಂಪನಿ 2012ರಲ್ಲಿ ತನ್ನ ಅಗ್ಗದ ರೈಫಲ್ಲಿನ ಪ್ಲಾಸ್ಟಿಕ್ಕಿನೊಳಗೇ ಆಕ್ಷನ್ ಕೂರುವ ಜಾಗಕ್ಕೆ ಲೋಹದ ಕಟ್ಟೆಗಳನ್ನು ಹುದುಗಿಸಿ ಮಾರತೊಡಗಿತು. ಆಕ್ಷನ್ ಕೂರುವ ನೆಲೆಯನ್ನು ಗಟ್ಟಿ ಮಾಡುವ ಕೆಲಸ ಹೀಗೆ ಕಾರ್ಖಾನೆಗೇ ಬಂದು ಸೇರಿದೆ. ಭುಜ ಮತ್ತು ಕೆನ್ನೆಯ ಅಳತೆ ಮಾತ್ರ ಇನ್ನೂ ಕೊಂಡವನಿಗೇ ಬಿಟ್ಟದ್ದು. ಅಗ್ಗದ ರೈಫಲ್ಲುಗಳಲ್ಲಿ ಹೆಚ್ಚಿನವು ಇಂದಿಗೂ ಎಲ್ಲ ದೇಹಗಳಿಗೂ ಒಂದೇ ಉದ್ದದ ಮೈಯೊಂದಿಗೆ ಪೆಟ್ಟಿಗೆಯಿಂದ ಹೊರಬರುತ್ತಿವೆ.